ಹಲ್ಲಿನ ಸೆಟ್ ಯಾವ ವಿಧಾನದಲ್ಲಿ ಮಾಡಿಸಿದರೆ ಅಳತೆ ಕೂರುತ್ತದೆ? ಹಾಸನ–ಚಿಕ್ಕಮಗಳೂರಿನ ಕ್ಲಿನಿಕ್, ಲ್ಯಾಬ್‌ಗಳಿಗೆ ಒಂದು ಹೋಲಿಕೆ

ಪೂರ್ತಿ ಹಲ್ಲಿನ ಸೆಟ್ ಬಾಯಲ್ಲಿ ನಿಲ್ಲದೆ ಹೋದಾಗ ಡಾಕ್ಟರು ಲ್ಯಾಬ್ ಕಡೆ ಬೆರಳು ತೋರಿಸುತ್ತಾರೆ, ಲ್ಯಾಬಿನವರು ಇಂಪ್ರೆಷನ್ನೇ (ಬಾಯಿಯ ಅಚ್ಚೇ) ಸರಿಯಿರಲಿಲ್ಲ ಅನ್ನುತ್ತಾರೆ. ನಡುವೆ ಅರಸೀಕೆರೆಯಿಂದಲೋ ಮೂಡಿಗೆರೆಯಿಂದಲೋ ಬಸ್ಸು ಹತ್ತಿ ಬಂದ ಹಿರಿಯರು ಸೆಟ್ಟನ್ನು ಜೇಬಿಗೆ ಹಾಕಿಕೊಂಡು ವಾಪಸ್ ಹೋಗುತ್ತಾರೆ. ಈ ಹಗ್ಗಜಗ್ಗಾಟಕ್ಕೆ ಇತ್ತೀಚೆಗೆ ಮೂರನೆಯ ಮಾತೊಂದು ಸೇರಿಕೊಂಡಿದೆ: "ಹಳೇ ಪದ್ಧತಿ ಬಿಡಿ ಸಾರ್, ಇಂಜೆಕ್ಷನ್ ಮಾಡಿಸಿ." ಇಲ್ಲವೇ, "ಪ್ರಿಂಟ್ ಮಾಡಿಸಿ."

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ವಿಧಾನಕ್ಕೂ ವಿಧಾನಕ್ಕೂ ಅಳತೆಯಲ್ಲಿ ವ್ಯತ್ಯಾಸ ಇರುವುದು ನಿಜ. ಆದರೆ ಅದು ಬಹುಪಾಲು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಲೆಕ್ಕ. ಯಾವುದೇ ವಿಧಾನವನ್ನು ಅವಸರದಲ್ಲಿ ಮಾಡಿದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು. ಹಾಗಾಗಿ ನಿಮ್ಮ ಲ್ಯಾಬ್ ಯಾವ ವಿಧಾನವನ್ನು ಪೂರ್ತಿಯಾಗಿ, ಒಂದೂ ಹಂತ ಹಾರಿಸದೆ ಮಾಡುತ್ತದೋ ಅದನ್ನು ಮೊದಲು ನೋಡಿ. ಹೊಸ ಯಂತ್ರದ ಹೆಸರು ಆಮೇಲೆ.

ಅಕ್ರಿಲಿಕ್ ಕುಗ್ಗುವುದು ಎಲ್ಲಿ, ಎಷ್ಟು

1937ರಲ್ಲಿ ವಾಲ್ಟರ್ ರೈಟ್ ಪಾಲಿಮೀಥೈಲ್ ಮೆಥಾಕ್ರಿಲೇಟನ್ನು, ಅಂದರೆ ಅಕ್ರಿಲಿಕ್ಕನ್ನು, ಹಲ್ಲಿನ ಸೆಟ್ಟಿನ ಬೇಸಿಗೆ (ಒಸಡಿನ ಮೇಲೆ ಕೂತು ಹಲ್ಲು ಹಿಡಿಯುವ ಭಾಗಕ್ಕೆ) ಬಳಸಿ ತೋರಿಸಿದ ಮೇಲೆ ಹತ್ತು ವರ್ಷದೊಳಗೆ ವಲ್ಕನೈಟ್ ರಬ್ಬರ್ ಮೂಲೆ ಸೇರಿತು. ಅಂದಿನಿಂದ ಇಂದಿನವರೆಗೆ ಈ ವಸ್ತುವಿನ ದೊಡ್ಡ ತಕರಾರು ಒಂದೇ, ಗಟ್ಟಿಯಾಗುವಾಗ ಕುಗ್ಗುತ್ತದೆ.

ಬರೀ ಲಿಕ್ವಿಡ್, ಅಂದರೆ ಮೊನೊಮರ್, ಗಟ್ಟಿಯಾದರೆ ಅದರ ಗಾತ್ರ ಶೇ. 21ರಷ್ಟು ಇಳಿಯುತ್ತದೆ. ಅದಕ್ಕೇ ಮೊದಲೇ ಗಟ್ಟಿಯಾಗಿರುವ ಪುಡಿಯನ್ನು ಬೆರೆಸುವುದು. ಗಾತ್ರದಲ್ಲಿ ಮೂರು ಪಾಲು ಪುಡಿಗೆ ಒಂದು ಪಾಲು ಲಿಕ್ವಿಡ್ ಹಾಕಿದರೆ ಕುಗ್ಗುವಿಕೆ ಸುಮಾರು ಶೇ. 7ಕ್ಕೆ ಇಳಿಯುತ್ತದೆ. ಇದನ್ನು ಉದ್ದಕ್ಕೆ ಪರಿವರ್ತಿಸಿದರೆ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು. ಮೇಲ್ದವಡೆಯ ಸೆಟ್ಟಿನಲ್ಲಿ ಎರಡೂ ಬದಿಯ ಮೋಲಾರುಗಳ ನಡುವೆ 50 ಮಿ.ಮೀ. ಇದ್ದರೆ ಅಲ್ಲಿ 1 ಮಿ.ಮೀ.ಗಿಂತ ಹೆಚ್ಚು ಕಡಿಮೆಯಾಗಬೇಕಿತ್ತು. ನಿಜವಾಗಿ ಅಳೆದಾಗ ಸಿಗುವುದು ಶೇ. 0.2ರಿಂದ 0.5, ಅಂದರೆ 0.1ರಿಂದ 0.25 ಮಿ.ಮೀ. ಮಾತ್ರ.

ಉಳಿದದ್ದು ಎಲ್ಲಿ ಹೋಯಿತು? ಪುಡಿ, ಲಿಕ್ವಿಡ್ ಬೆರೆತ ಹಿಟ್ಟು ಮೆತ್ತಗಿರುವವರೆಗೆ ಪ್ರೆಸ್ಸಿನ ಒತ್ತಡಕ್ಕೆ ಅದು ಅಚ್ಚಿನೊಳಗೆ ಹರಿದು ಜಾಗ ತುಂಬಿಕೊಳ್ಳುತ್ತದೆ. ಕುಗ್ಗುವಿಕೆಯ ಬಹುಪಾಲು ಆ ಹಂತದಲ್ಲೇ ಮುಗಿಯುತ್ತದೆ. ಆಮೇಲೆ ಫ್ಲಾಸ್ಕ್ (ಅಚ್ಚನ್ನು ಹಿಡಿದಿಡುವ ಎರಡು ಭಾಗದ ಪೆಟ್ಟಿಗೆ) ತಣಿಯುತ್ತಾ ಬಂದು ಅಕ್ರಿಲಿಕ್ ಗಾಜಿನಂತೆ ಬಿರುಸಾದ ಮೇಲೆ ಹರಿಯಲು ಆಗುವುದಿಲ್ಲ. ಅಲ್ಲಿಂದ ರೂಮಿನ ಉಷ್ಣತೆಗೆ ಇಳಿಯುವಾಗ ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 80 ಪಾಲಿನಷ್ಟು ಕುಗ್ಗುತ್ತದೆ. 75 ಡಿಗ್ರಿಯಿಂದ 20 ಡಿಗ್ರಿಗೆ ಇಳಿದರೆ ಶೇ. 0.44. ಸುತ್ತಲಿನ ಅಚ್ಚಿನ ಸ್ಟೋನ್ (ಪ್ಲಾಸ್ಟರಿಗಿಂತ ಗಟ್ಟಿಯಾದ ಜಿಪ್ಸಮ್) ಅಷ್ಟು ಕುಗ್ಗುವುದಿಲ್ಲ, ಅಕ್ರಿಲಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಒಳಗೆ ಸಿಕ್ಕಿಕೊಂಡ ಬಿಗುವು ಫ್ಲಾಸ್ಕಿನಿಂದ ಸೆಟ್ ಬಿಡಿಸಿದ ಕ್ಷಣ ಒಂದಷ್ಟು ಸಡಿಲಗೊಳ್ಳುತ್ತದೆ. ಪಾಲಿಷ್ ಮಾಡುವಾಗ ಬಿಸಿಯೇರಿದರೆ ಇನ್ನಷ್ಟು.

ಬಿಗುವು ಸಡಿಲವಾಗುವುದು ಎಲ್ಲ ಕಡೆ ಒಂದೇ ಸಮನಲ್ಲ. ಮೇಲಿನ ಸೆಟ್ಟಿನಲ್ಲಿ ಕೆನ್ನೆಯ ಬದಿಯ ಅಂಚುಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ಅಂಗುಳಿನ ನಡುಭಾಗ ಮಾಡೆಲ್‌ನಿಂದ (ಇಂಪ್ರೆಷನ್‌ನಿಂದ ಮಾಡಿದ ಬಾಯಿಯ ಪ್ರತಿರೂಪ) ಮೇಲೆದ್ದು ಬಿಡುತ್ತದೆ. ಬೇಸಿಗೂ ಮಾಡೆಲ್‌ಗೂ ನಡುವಿನ ಈ ಬಿರುಕು ಅತಿ ಹೆಚ್ಚಾಗುವುದು ಹಿಂದಿನ ಅಂಚಿನ ಮಧ್ಯದಲ್ಲಿ, ಸರಿಯಾಗಿ ಪೋಸ್ಟ್ ಡ್ಯಾಮ್ (ಗಾಳಿ ತಡೆಯಲು ಅಂಗುಳಿಗೆ ಒತ್ತುವ ಉಬ್ಬು) ಇರುವ ಜಾಗದಲ್ಲಿ. ಗಾಳಿ ನುಗ್ಗುವುದೂ ಅಲ್ಲೇ. ಅಂಗುಳು ಆಳವಾದ ಕಮಾನಿನಂತಿದ್ದರೆ ಬಿರುಕು ಹೆಚ್ಚು, ಚಪ್ಪಟೆಯಾಗಿದ್ದರೆ ಕಡಿಮೆ. ವಿಧಾನ ಆರಿಸುವಾಗ ರೋಗಿಯ ಅಂಗುಳಿನ ಆಕಾರ ನೋಡಬೇಕು ಎನ್ನುವುದು ಇದೇ ಕಾರಣಕ್ಕೆ.

ಒತ್ತಿ ತುಂಬುವ ಹೀಟ್ ಕ್ಯೂರ್

ನಮ್ಮ ಎರಡೂ ಜಿಲ್ಲೆಗಳ ಬಹುಪಾಲು ಸೆಟ್ಟುಗಳು ಈಗಲೂ ಆಗುವುದು ಹೀಗೇ: ಹಿತ್ತಾಳೆಯ ಫ್ಲಾಸ್ಕ್, ಹೈಡ್ರಾಲಿಕ್ ಪ್ರೆಸ್, ಕ್ಲ್ಯಾಂಪ್, ಬೇಯಿಸಲು ಬಿಸಿನೀರಿನ ತೊಟ್ಟಿಯಾದ ಅಕ್ರಿಲೈಸರ್. ಸಾಮಾನು ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಲ್ಲು ಬೇಸಿಗೆ ಚೆನ್ನಾಗಿ ಹಿಡಿಯುತ್ತದೆ, ಉಳಿಯುವ ಮೊನೊಮರ್ ಕಡಿಮೆ (ಶೇ. 0.2ರಿಂದ 0.5). ಇದರ ಮೇಲಿರುವ ದೂರುಗಳಲ್ಲಿ ಅರ್ಧದಷ್ಟು ಮಾಡುವವರ ಕೈಯಲ್ಲೇ ಸರಿಹೋಗುವಂಥವು.

ಹಲ್ಲು ಜೋಡಿಸಿದ ಮೇಣದ ಸೆಟ್ಟನ್ನು ಫ್ಲಾಸ್ಕಿನಲ್ಲಿ ಹೂತು, ಮೇಣ ಕರಗಿಸಿ ತೆಗೆದರೆ ಉಳಿಯುವುದೇ ಅಚ್ಚು. ಮೊದಲ ತಪ್ಪು ಅಲ್ಲೇ ಆಗುತ್ತದೆ. ಫ್ಲಾಸ್ಕಿನ ಕೆಳಭಾಗಕ್ಕೆ ಪ್ಲಾಸ್ಟರ್ ನಡೆಯುತ್ತದೆ (100 ಗ್ರಾಮಿಗೆ 45ರಿಂದ 50 ಮಿ.ಲೀ. ನೀರು). ಹಲ್ಲುಗಳನ್ನು ಹಿಡಿಯುವ ಎರಡನೆಯ ಪದರ ಮಾತ್ರ ಡೆಂಟಲ್ ಸ್ಟೋನ್‌ನದೇ ಆಗಬೇಕು (100 ಗ್ರಾಮಿಗೆ 28ರಿಂದ 30 ಮಿ.ಲೀ.). ಅಲ್ಲೂ ಪ್ಲಾಸ್ಟರ್ ಹಾಕಿ ಉಳಿಸಲು ಹೋದರೆ ಪ್ರೆಸ್ಸಿನ ಒತ್ತಡಕ್ಕೆ ಹಲ್ಲುಗಳು ಪ್ಲಾಸ್ಟರಿನೊಳಕ್ಕೆ ಹೂತುಹೋಗಿ ಬೈಟ್, ಅಂದರೆ ಮೇಲಿನ–ಕೆಳಗಿನ ಹಲ್ಲು ಕೂಡುವ ಮಟ್ಟ, ಎತ್ತರವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಬಾಯಿ ತೆರೆದಿಟ್ಟ ಚೀಲದ ಸ್ಟೋನ್ ತೇವ ಹೀರಿಕೊಂಡು ಒಂದು ದಿನ ಬೇಗ, ಒಂದು ದಿನ ತಡವಾಗಿ ಹಿಡಿಯುತ್ತದೆ, ಬಲವೂ ಕಡಿಮೆಯಾಗುತ್ತದೆ. ಜೂನ್ ಬರುವ ಮೊದಲೇ ಮುಚ್ಚಳ ಬಿಗಿಯಾದ ಡ್ರಮ್ಮಿಗೆ ಸುರಿದಿಡಿ. ನೀರನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ.

ಮಿಶ್ರಣ 10 ಮಿ.ಲೀ. ಲಿಕ್ವಿಡ್‌ಗೆ 21ರಿಂದ 24 ಗ್ರಾಂ ಪುಡಿ. ಕಂಪನಿಗೆ ತಕ್ಕಂತೆ ಬದಲಾಗುತ್ತದೆ, ಡಬ್ಬಿಯ ಮೇಲಿನದೇ ಕೊನೆಯ ಮಾತು. ಹಿಟ್ಟು ಬೇಗ ಮೆತ್ತಗಾಗಲಿ ಎಂದು ಲಿಕ್ವಿಡ್ ಹೆಚ್ಚು ಸುರಿದರೆ ಕುಗ್ಗುವಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಡಿಸೆಂಬರಿನ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಹಿಟ್ಟಿನ ಹದ ಬರಲು ಸಮಯ ಹಿಡಿಯುತ್ತದೆ. ಅದಕ್ಕಾಗಿ ಜಾರನ್ನು ಬೆಂಕಿಯ ಹತ್ತಿರ ಒಯ್ಯಬೇಡಿ, ಮೊನೊಮರಿನ ಆವಿಗೆ ಬೆಂಕಿ ತಗುಲಲು ಹೆಚ್ಚು ಬಿಸಿ ಬೇಕಿಲ್ಲ. ಏಪ್ರಿಲಿನ ಕಡೂರು, ಅರಸೀಕೆರೆಯಲ್ಲಿ ಇದರ ಉಲ್ಟಾ. ಹದ ಬಂದು ದಾಟಿಹೋಗಿ ರಬ್ಬರಿನಂತಾಗಿಬಿಡುತ್ತದೆ. ಅಂಥ ಹಿಟ್ಟನ್ನು ಒತ್ತಿದರೆ ಅಚ್ಚು ತುಂಬುವುದಿಲ್ಲ, ಫ್ಲಾಸ್ಕ್ ಮುಚ್ಚುವುದಿಲ್ಲ, ಹಲ್ಲು ಜರುಗುತ್ತದೆ. ಬೆರೆಸುವ ಜಾರನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ಒರೆಸಿ ಬಳಸಿ. ಅಚ್ಚಿನ ಮೇಣ ತೆಗೆದ ಬಿಸಿ ಪೂರ್ತಿ ಆರಿದ ಮೇಲೆಯೇ ತುಂಬಿ.

ಈಗ ಟ್ರಯಲ್ ಕ್ಲೋಷರ್, ಅಂದರೆ ಹಿಟ್ಟು ತುಂಬಿ ಫ್ಲಾಸ್ಕನ್ನು ಮುಚ್ಚಿ ತೆರೆದು ನೋಡುವುದು. ಅಳತೆಯ ವಿಷಯದಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲೇ, ಜನ ಹಾರಿಸುವುದೂ ಇದನ್ನೇ. ಹಿಟ್ಟು ಜಾರಿನ ಗೋಡೆಗೆ ಅಂಟದೆ ಬಿಡಿಸಿಕೊಂಡು ಬರುವ ಹದದಲ್ಲಿ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿ. ಮೇಲೆ ಪಾಲಿಥೀನ್ ಹಾಳೆ ಇಟ್ಟು ಫ್ಲಾಸ್ಕ್ ಮುಚ್ಚಿ, ಪ್ರೆಸ್ಸನ್ನು ನಿಧಾನ ಏರಿಸಿ. ಒಂದೇ ಸಲ ಜಗ್ಗಬೇಡಿ, ಹಿಟ್ಟಿಗೆ ಹರಿಯಲು ಸಮಯ ಬೇಕು. ತೆರೆದು, ಅಂಚಿನಲ್ಲಿ ಹೊರಬಂದ ತೆಳು ಪದರವನ್ನು ಮೊಂಡು ಚಾಕುವಿನಿಂದ ಅಚ್ಚಿನ ಗೋಡೆ ಕೆರೆಯದಂತೆ ತೆಗೆಯಿರಿ. ಹೊಸ ಹಾಳೆ ಇಟ್ಟು ಮತ್ತೆ ಮುಚ್ಚಿ. ಹೊರಗೆ ಏನೂ ಬರದ ತನಕ ಇದೇ ಕೆಲಸ, ಸಾಮಾನ್ಯವಾಗಿ ಎರಡು ಮೂರು ಸಲ. ಕೊನೆಯ ಸಲ ಹಾಳೆಯಿಲ್ಲದೆ ಮುಚ್ಚಿ, ಸುಮಾರು 3,000 ಪಿಎಸ್‌ಐಗೆ ಏರಿಸಿ. ಫ್ಲಾಸ್ಕಿನ ಎರಡು ಭಾಗಗಳ ಲೋಹ ಲೋಹಕ್ಕೆ ತಾಗಿದೆಯೇ ಎಂದು ಸುತ್ತ ಉಗುರು ಆಡಿಸಿ ನೋಡಿ. ಒಂದು ಬದಿಯಲ್ಲಿ ಉಗುರು ಸಿಕ್ಕಿಕೊಂಡರೆ ಆ ಬದಿಯ ಬೈಟ್ ಅಷ್ಟೇ ಎತ್ತರವಾಗುತ್ತದೆ.

ಪ್ರೆಸ್ಸಿನಿಂದ ತೆಗೆದು ಆಮೇಲೆ ಕ್ಲ್ಯಾಂಪ್ ಬಿಗಿಯುವ ಅಭ್ಯಾಸ ಕೆಟ್ಟದ್ದು. ಒತ್ತಡ ಬಿಟ್ಟ ಕೂಡಲೇ ಹಿಟ್ಟು ಹಿಂದಕ್ಕೆ ಉಬ್ಬಿ ಫ್ಲಾಸ್ಕ್ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ, ಕ್ಲ್ಯಾಂಪ್ ಅದನ್ನು ಮತ್ತೆ ಮುಚ್ಚಿಸುವುದಿಲ್ಲ. ಪ್ರೆಸ್ಸಿನೊಳಗೇ ಕ್ಲ್ಯಾಂಪ್ ಸಮೇತ ಇಟ್ಟು, ಒತ್ತಡ ಇರುವಾಗಲೇ ಬಿಗಿಯಿರಿ. ಹಾಗೇ ಅರ್ಧದಿಂದ ಒಂದು ಗಂಟೆ ಬಿಟ್ಟರೆ ಒತ್ತಡ ಎಲ್ಲ ಕಡೆ ಸಮನಾಗುತ್ತದೆ, ಹಲ್ಲಿನ ಬುಡಕ್ಕೆ ಮೊನೊಮರ್ ಇಳಿಯುತ್ತದೆ.

ಬೇಯಿಸುವ ಲೆಕ್ಕ ಮೂರು ಬಗೆ. 74 ಡಿಗ್ರಿಯಲ್ಲಿ 8 ಗಂಟೆ, ಕುದಿಸುವುದಿಲ್ಲ. ಅಥವಾ ಅದೇ 8 ಗಂಟೆಯ ಮೇಲೆ 1 ಗಂಟೆ ಕುದಿ. ಅಥವಾ 74 ಡಿಗ್ರಿಯಲ್ಲಿ 2 ಗಂಟೆ, ಆಮೇಲೆ 1 ಗಂಟೆ ಕುದಿ. ಗಟ್ಟಿಯಾಗುವುದನ್ನು ಶುರುಮಾಡಲು ಪುಡಿಯಲ್ಲಿರುವ ಬೆನ್ಜಾಯ್ಲ್ ಪೆರಾಕ್ಸೈಡ್ 60 ಡಿಗ್ರಿ ದಾಟಿದ ಮೇಲೆ ಚುರುಕಾಗಿ ಒಡೆಯುತ್ತದೆ, ಪ್ರತಿಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಆ ಹೊತ್ತಿನಲ್ಲಿ ನೀರೂ ಕುದಿಯುತ್ತಿದ್ದರೆ ಒಳಗಿನ ಬಿಸಿ ಮೊನೊಮರಿನ ಕುದಿಬಿಂದು ದಾಟುತ್ತದೆ. ಕೆಳಗಿನ ಸೆಟ್ಟಿನ ನಾಲಿಗೆ ಬದಿಯ ದಪ್ಪ ಭಾಗದಲ್ಲಿ ಸೂಜಿಮೊನೆಯಂಥ ತೂತುಗಳು ಬರುವುದು ಹೀಗೆ. ನೇರ ಕುದಿನೀರಿಗೆ ಹಾಕಲೆಂದೇ ಮಾಡಿದ ಪುಡಿಗಳೂ ಇವೆ, ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬಾರದು. ಎರಡು ಗಂಟೆಯ ಲೆಕ್ಕಕ್ಕಿಂತ ರಾತ್ರಿಯಿಡೀ ಬೇಯಿಸುವುದು ನಮಗೆ ಇಷ್ಟ. ಬೆಳಿಗ್ಗೆ ಬಂದಾಗ ಫ್ಲಾಸ್ಕ್ ನೀರಿನೊಂದಿಗೇ ನಿಧಾನ ತಣಿದಿರುತ್ತದೆ.

ನಮ್ಮೂರುಗಳ ಎತ್ತರದ ಬಗ್ಗೆ ಪುಸ್ತಕಗಳಲ್ಲಿ ಸಿಗದ ಒಂದು ಮಾತು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಇಲ್ಲಿ ನೀರು ಕುದಿಯುವುದು 96–97 ಡಿಗ್ರಿಗೆ. ಅಕ್ರಿಲೈಸರಿನ ಥರ್ಮೋಸ್ಟಾಟ್ 100ಕ್ಕೆ ತಿರುಗಿಸಿದರೆ ಅದು ಆ ಅಂಕಿಯನ್ನು ಎಂದೂ ಮುಟ್ಟುವುದಿಲ್ಲ, ಕಾಯಿಲ್ ಆಫ್ ಆಗುವುದಿಲ್ಲ, ನೀರು ಆರಿ ಫ್ಲಾಸ್ಕಿನ ತಲೆ ಹೊರಗೆ ಕಾಣುತ್ತದೆ. ಮೇಲರ್ಧ ಬೇಯುವುದೇ ಇಲ್ಲ. 95ಕ್ಕೆ ಇಟ್ಟು, ಮುಚ್ಚಳ ಹಾಕಿ, ನೀರು ಫ್ಲಾಸ್ಕಿನ ಮೇಲೆ ನಾಲ್ಕು ಬೆರಳು ನಿಲ್ಲುವಂತೆ ನೋಡಿಕೊಳ್ಳಿ. ಕುದಿಯ 1 ಗಂಟೆಯನ್ನು ಅರ್ಧಕ್ಕೆ ಇಳಿಸುವ ಮಾತು ಬೇಡ. ಬೋರ್‌ವೆಲ್ ನೀರಾದರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಪಾದರಸದ ಥರ್ಮಾಮೀಟರ್ ಇಳಿಬಿಟ್ಟು ತಿಂಗಳಿಗೊಮ್ಮೆಯಾದರೂ ಡಯಲ್ಲಿನ ಅಂಕಿಯೊಂದಿಗೆ ಹೋಲಿಸಿ.

ಕರೆಂಟ್ ಹೋದರೆ? ಸಕಲೇಶಪುರ, ಕೊಪ್ಪದ ಕಡೆ ಜುಲೈನಲ್ಲಿ ಇದು ನಿತ್ಯದ ಪ್ರಶ್ನೆ. ಫ್ಲಾಸ್ಕ್ ಹೊರತೆಗೆಯಬೇಡಿ, ಕ್ಲ್ಯಾಂಪ್ ಸಡಿಲಿಸಬೇಡಿ, ಮುಚ್ಚಳ ತೆರೆಯಬೇಡಿ. ನೀರು 60ಕ್ಕಿಂತ ಕೆಳಗಿಳಿದಿದ್ದರೆ 74ಕ್ಕೆ ಏರಿಸಿ ಲೆಕ್ಕವನ್ನು ಮೊದಲಿಂದ ಶುರುಮಾಡಿ. ಹೋದ ಸಮಯ ತುಂಬಿಸಿಕೊಳ್ಳಲು ನೇರ ಕುದಿಗೆ ಹಾರಿದರೆ ಉಳಿದ ಮೊನೊಮರ್ ಒಳಗೇ ಕುದಿದು ತೂತು ಬೀಳುತ್ತದೆ.

ತಣಿಸುವುದು ಕನಿಷ್ಠ ಅರ್ಧ ಗಂಟೆ ಮೇಜಿನ ಮೇಲೆ, ಆಮೇಲೆ ಕಾಲು ಗಂಟೆ ನಲ್ಲಿ ನೀರಿನಲ್ಲಿ. ಸಂಜೆಯೇ ಸೆಟ್ ಬೇಕೆಂದು ಬಿಸಿ ಫ್ಲಾಸ್ಕನ್ನು ನೀರಿಗೆ ಮುಳುಗಿಸಿ ತೆರೆಯುವುದು ಪ್ರೆಷರ್ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ಕಿತ್ತಂತೆ. ಹೊರಗಿನ ಪದರ ಮೊದಲು ಬಿರುಸಾಗಿ ಒಳಗಿನದು ಆಮೇಲೆ ಎಳೆಯುತ್ತದೆ, ಬೇಸ್ ತಿರುಚಿಕೊಳ್ಳುತ್ತದೆ. ಅಂಗುಳಿನ ಹಿಂಬದಿಯ ಬಿರುಕು ಇಮ್ಮಡಿಯಾಗಲು ಇಷ್ಟು ಸಾಕು.

ಇಷ್ಟೆಲ್ಲ ಸರಿ ಮಾಡಿದರೂ ಒತ್ತಿ ತುಂಬುವ ವಿಧಾನದಲ್ಲಿ ಬೈಟ್ ಒಂದಿಷ್ಟು ಏರಿಯೇ ಏರುತ್ತದೆ. ಇದಕ್ಕೆ ಮದ್ದು ಲ್ಯಾಬ್ ರೀಮೌಂಟ್. ಮಾಡೆಲ್ ತಳದಲ್ಲಿ ಮೊದಲೇ ಗುರುತಿನ ಗೀರು ಕೊರೆದಿರಬೇಕು. ಸೆಟ್ಟನ್ನು ಮಾಡೆಲ್‌ನಿಂದ ಬಿಡಿಸದೆ ಮತ್ತೆ ಆರ್ಟಿಕ್ಯುಲೇಟರಿಗೆ (ದವಡೆಗಳಂತೆ ಮುಚ್ಚಿ ತೆರೆಯುವ ಸಾಧನ) ಕೂರಿಸಿ, ಅದರ ಮುಂದಿರುವ ಇನ್ಸೈಸಲ್ ಪಿನ್ ಎಷ್ಟು ಎದ್ದಿದೆ ನೋಡಿ. ಹಿಂದಿನ ಹಲ್ಲಿನಲ್ಲಿರುವ ಎತ್ತರ ಪಿನ್ನಿನ ಬಳಿ ಎರಡು ಮೂರು ಪಟ್ಟಾಗಿ ಕಾಣುತ್ತದೆ, ಹಾಗಾಗಿ ಗಾಬರಿ ಬೇಡ. ಪಿನ್ ಮತ್ತೆ ಟೇಬಲ್ಲಿಗೆ ತಾಗುವವರೆಗೆ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಉಜ್ಜಿ. ಮಾಡೆಲ್ ಒಡೆದು ಸೆಟ್ ಹೊರತೆಗೆದ ಮೇಲೆ ಈ ಅವಕಾಶ ಮುಗಿಯಿತು. ಆಮೇಲೆ ಬಾಯಲ್ಲೇ ಉಜ್ಜಬೇಕು, ಒಸಡು ಒತ್ತಿಕೊಂಡು ಸೆಟ್ ಜರುಗುವುದರಿಂದ ಅಲ್ಲಿ ಕಾಗದದ ಗುರುತನ್ನು ನಂಬಲಾಗದು.

ಇಂಜೆಕ್ಷನ್

ಇಲ್ಲಿ ಫ್ಲಾಸ್ಕ್ ಮೊದಲೇ ಪೂರ್ತಿ ಮುಚ್ಚಿರುತ್ತದೆ. ಅಕ್ರಿಲಿಕ್ ಆಮೇಲೆ ಒಂದು ಕಿಂಡಿಯಿಂದ ಒಳಗೆ ಹೋಗುತ್ತದೆ. ಫ್ಲಾಸ್ಕಿನ ಎರಡು ಭಾಗಗಳ ನಡುವೆ ತೆಳು ಪದರ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ, ಬೈಟ್ ಏರುವುದು ಗಣನೀಯವಾಗಿ ಕಡಿಮೆ. ಇವೊಕ್ಲಾರ್ ಕಂಪನಿಯ ಎಸ್‌ಆರ್ ಇವೊಕ್ಯಾಪ್ ವ್ಯವಸ್ಥೆಯಲ್ಲಿ ಅಳತೆ ಮಾಡಿದ ಕ್ಯಾಪ್ಸೂಲ್ ಬರುತ್ತದೆ, 6 ಬಾರ್ ಗಾಳಿಯ ಒತ್ತಡದಲ್ಲಿ ತಳ್ಳಿ, ಒತ್ತಡ ಇಟ್ಟುಕೊಂಡೇ 35 ನಿಮಿಷ ಕುದಿನೀರಿನಲ್ಲಿ ಬೇಯಿಸುತ್ತಾರೆ. ತಣಿಸುವಾಗಲೂ ಒತ್ತಡ ಕೂಡಲೇ ತೆಗೆಯುವುದಿಲ್ಲ. ಬಿಸಿ ಒಂದು ತುದಿಯಿಂದ ಕಿಂಡಿಯ ಕಡೆಗೆ ಸಾಗುವುದರಿಂದ ಆ ತುದಿ ಮೊದಲು ಗಟ್ಟಿಯಾಗುತ್ತದೆ, ಕುಗ್ಗಿದ ಜಾಗಕ್ಕೆ ಕಿಂಡಿಯಿಂದ ಹೊಸ ಅಕ್ರಿಲಿಕ್ ಬಂದು ಸೇರುತ್ತಲೇ ಇರುತ್ತದೆ. ಮರ್ಮ ಇರುವುದು ಇಲ್ಲಿ.

ಕಿಂಡಿ ಸಣ್ಣದಾದರೆ ಅಥವಾ ಮೇಣದ ದಾರಿ ಸೆಟ್ಟಿನ ತೆಳು ಭಾಗಕ್ಕೆ ಸೇರಿದ್ದರೆ ಅದೇ ಮೊದಲು ಗಟ್ಟಿಯಾಗಿ ಪೂರೈಕೆ ನಿಲ್ಲುತ್ತದೆ. ಕಂಪ್ರೆಸರ್ ನಡುವೆ ಕೈಕೊಟ್ಟರೂ ಅಷ್ಟೇ. ಆಗ ಇದು ದುಬಾರಿಯ ಹೀಟ್ ಕ್ಯೂರ್ ಮಾತ್ರ. ಅಚ್ಚಿನ ಸ್ಟೋನಿನಲ್ಲಿ ಚೂಪು ಅಂಚು ಬಿಟ್ಟಿದ್ದರೆ ಒತ್ತಡಕ್ಕೆ ಮುರಿದು ಸೆಟ್ಟಿನೊಳಗೆ ಸೇರಿಕೊಳ್ಳುತ್ತದೆ. ಅಂಗುಳಿನ ಬಿರುಕಿನಲ್ಲೂ ಇಂಜೆಕ್ಷನ್ ಸಾಮಾನ್ಯವಾಗಿ ಮುಂದು, ಆದರೆ ಬೈಟಿನಲ್ಲಿ ಕಾಣುವಷ್ಟು ದೊಡ್ಡ ಅಂತರ ಅಲ್ಲಿಲ್ಲ. ಒಮ್ಮೆ ಗಟ್ಟಿಯಾದ ಮೇಲೆ ತಣಿಯುವಾಗಿನ ಕುಗ್ಗುವಿಕೆ ಬಿಸಿಯಲ್ಲಿ ಬೇಯಿಸುವ ಎಲ್ಲದಕ್ಕೂ ಒಂದೇ.

ನಮ್ಮ ಕಡೆ ಒಂದು ಗೊಂದಲ ಜಾಸ್ತಿ. ರೋಗಿಗಳು, ಕೆಲವೊಮ್ಮೆ ಕ್ಲಿನಿಕ್ಕಿನವರೂ, "ಇಂಜೆಕ್ಷನ್ ಸೆಟ್" ಎಂದರೆ ಬಾಗುವ ನೈಲಾನ್ "ಫ್ಲೆಕ್ಸಿಬಲ್ ಸೆಟ್" ಎಂದುಕೊಂಡಿದ್ದಾರೆ. ಅದೂ ಯಂತ್ರದಿಂದ ತಳ್ಳಿ ಮಾಡುವುದೇ, ಆದರೆ ವಸ್ತು ಬೇರೆ. ಕರಗಿದ ನೈಲಾನ್ ತಣಿಯುವಾಗ ಅಕ್ರಿಲಿಕ್‌ಗಿಂತ ಹೆಚ್ಚು ಕುಗ್ಗುತ್ತದೆ, ಹಲ್ಲಿಗೆ ರಾಸಾಯನಿಕವಾಗಿ ಅಂಟುವುದಿಲ್ಲ, ರೀಲೈನ್ ಮಾಡುವುದು (ಒಳಮೈಗೆ ಹೊಸ ಪದರ ಕೊಡುವುದು) ಕಷ್ಟ. ಲ್ಯಾಬ್ ಸ್ಲಿಪ್ಪಿನಲ್ಲಿ "ಇಂಜೆಕ್ಷನ್, ಅಕ್ರಿಲಿಕ್" ಎಂದು ಎರಡೂ ಪದ ಬರೆಯಿರಿ.

ಕೋಲ್ಡ್ ಕ್ಯೂರ್, ಸುರಿಯುವ ವಿಧಾನ

ಬಿಸಿ ಇಲ್ಲದೆ ಗಟ್ಟಿಯಾಗುವುದರಿಂದ ತಣಿಯುವಾಗಿನ ಕುಗ್ಗುವಿಕೆ ಕಡಿಮೆ. ಬರೀ ಬೇಸಿನ ಅಳತೆ ನೋಡಿದರೆ ಹೊಸದಾಗಿ ತೆಗೆದ ಕೋಲ್ಡ್ ಕ್ಯೂರ್ ಬೇಸ್ ಮಾಡೆಲ್ ಮೇಲೆ ಹೀಟ್ ಕ್ಯೂರ್‌ಗಿಂತ ಚೆನ್ನಾಗಿ ಕೂರುತ್ತದೆ. ಬಹಳ ಜನ ಒಪ್ಪಿಕೊಳ್ಳಲು ಹಿಂಜರಿಯುವ ಸತ್ಯ ಇದು. ಹಾಗಾದರೆ ಎಲ್ಲರೂ ಇದನ್ನೇ ಏಕೆ ಮಾಡುವುದಿಲ್ಲ? ಉಳಿಯುವ ಮೊನೊಮರ್ ಶೇ. 3ರಿಂದ 5. ಅದು ಬಾಯಿಯನ್ನು ಉರಿಸಬಹುದು, ಬೇಸನ್ನು ಮೆತ್ತಗೆ ಇಡುತ್ತದೆ, ಅಗಿಯುವ ಭಾರಕ್ಕೆ ಬೇಸ್ ನಿಧಾನವಾಗಿ ಬಾಗುತ್ತದೆ. ಬಣ್ಣವೂ ಬೇಗ ಮಾಸುತ್ತದೆ. ಆರಂಭದಲ್ಲಿ ಗೆದ್ದ ಅಳತೆಯನ್ನು ಬಳಕೆಯಲ್ಲಿ ಕಳೆದುಕೊಳ್ಳುತ್ತದೆ.

ಸುರಿಯುವ ವಿಧಾನದಲ್ಲಿ ಅಗರ್ ಅಥವಾ ಸಿಲಿಕೋನ್ ಅಚ್ಚಿಗೆ ತೆಳ್ಳಗೆ ಕಲಸಿದ ಅಕ್ರಿಲಿಕ್ ಸುರಿದು ಸುಮಾರು 45 ಡಿಗ್ರಿ ನೀರಿರುವ ಪ್ರೆಷರ್ ಪಾಟ್‌ನಲ್ಲಿ, ಒಂದೂವರೆಯಿಂದ ಎರಡು ಬಾರ್ ಒತ್ತಡದಲ್ಲಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಡುತ್ತಾರೆ. ಸೆಟ್ ಬಿಡಿಸುವುದು ಬಲು ಸುಲಭ. ಆದರೆ ಮೆತ್ತನೆಯ ಅಗರ್ ಹಲ್ಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಹಲ್ಲು ಜರುಗುತ್ತದೆ, ಬೈಟ್ ಏರುವ ಬದಲು ಇಳಿಯುತ್ತದೆ. ಏರಿದ ಬೈಟನ್ನು ಉಜ್ಜಿ ಸರಿಮಾಡಬಹುದು, ಇಳಿದದ್ದಕ್ಕೆ ಏನು ಮಾಡುತ್ತೀರಿ? ಸಿಲಿಕೋನ್ ಆದರೆ ವಾಸಿ. ಒಟ್ಟು ನೋಡಿದರೆ ಇದು ತಾತ್ಕಾಲಿಕ ಸೆಟ್ಟಿಗೆ, ರೀಲೈನಿಗೆ, ರಿಪೇರಿಗೆ ತಕ್ಕದ್ದು.

ಮೈಕ್ರೋವೇವ್

ಜಪಾನಿನಲ್ಲಿ 1968ರಲ್ಲೇ ಇದನ್ನು ಪ್ರಯತ್ನಿಸಿದ್ದರು. ಅಳತೆಯಲ್ಲಿ ಬಿಸಿನೀರಿನ ವಿಧಾನಕ್ಕೆ ಸರಿಸಮ, ಸಮಯದಲ್ಲಿ ಮಾತ್ರ ಉಳಿತಾಯ. ಅದಕ್ಕೆಂದೇ ಬರುವ ಪುಡಿ–ಲಿಕ್ವಿಡ್ ಮತ್ತು ಫೈಬರ್ ಫ್ಲಾಸ್ಕ್ ಇದ್ದರೆ 500 ವಾಟ್‌ನಲ್ಲಿ 3 ನಿಮಿಷ ಸಾಕು. ಹಿತ್ತಾಳೆ ಫ್ಲಾಸ್ಕ್ ಇಡುವಂತಿಲ್ಲ. ಅಡುಗೆಮನೆಯ ಓವನ್ ತಂದಿಡುವವರು ಒಂದು ವಿಷಯ ಗಮನಿಸಿ. ಹೆಚ್ಚಿನ ಮನೆ ಓವನ್‌ಗಳು "500 ವಾಟ್" ಎಂದರೆ ಪೂರ್ತಿ ಶಕ್ತಿಯನ್ನೇ ಆನ್–ಆಫ್ ಮಾಡಿ ಸರಾಸರಿ ತೋರಿಸುತ್ತವೆ. ಸಾಮಾನ್ಯ ಹೀಟ್ ಕ್ಯೂರ್ ಪುಡಿ ಹಾಕಿ ಹೀಗೆ ಬೇಯಿಸಿದರೆ ದಪ್ಪ ಭಾಗವೆಲ್ಲ ಜಾಳುಜಾಳು.

ಮಿಲ್ಲಿಂಗ್, ಪ್ರಿಂಟಿಂಗ್

ಒಸಡಿಗೆ ತಾಗುವ ಮೇಲ್ಮೈಯ ಅಳತೆ ಮಾತ್ರ ನೋಡುವುದಾದರೆ ಮಿಲ್ಲಿಂಗ್ ಎಲ್ಲಕ್ಕಿಂತ ಮೇಲು. ಕಾರಣ ಸರಳ. ಕುಗ್ಗುವಿಕೆ ಎಲ್ಲ ಕಾರ್ಖಾನೆಯಲ್ಲೇ, ಹೆಚ್ಚಿನ ಒತ್ತಡ ಮತ್ತು ಬಿಸಿಯಲ್ಲಿ ಡಿಸ್ಕ್ ತಯಾರಾಗುವಾಗಲೇ ಮುಗಿದಿರುತ್ತದೆ. ಸುಮಾರು 98 ಮಿ.ಮೀ. ವ್ಯಾಸದ ಆ ಡಿಸ್ಕಿನಿಂದ ಬೇಸನ್ನು ಕೆತ್ತುವುದಷ್ಟೇ. ಉಳಿಕೆ ಮೊನೊಮರ್ ಕಡಿಮೆ, ಬಲ ಹೆಚ್ಚು. ಆದರೆ ಹಲ್ಲನ್ನು ಆಮೇಲೆ ಗುಂಡಿಗಳಲ್ಲಿ ಅಂಟಿಸುವುದಾದರೆ ಆ ಹಂತದಲ್ಲಿ ಬೈಟ್ ತಪ್ಪಬಹುದು. ಬೇಸ್ ಚೆನ್ನಾಗಿ ಕೂತು ಹಲ್ಲು ಎತ್ತರವಾದರೆ ರೋಗಿಗೆ ಅದೂ "ಸರಿಯಿಲ್ಲದ ಸೆಟ್ಟೇ".

ನಮ್ಮೂರಿನವರಿಗೆ ಮಿಲ್ಲಿಂಗಿನ ನಿಜವಾದ ಲಾಭ ಇನ್ನೊಂದಿದೆ. ಟ್ರಯಲ್ ಮೇಣದ ಸೆಟ್ಟನ್ನು ಬಸ್ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಕಳಿಸಿದರೆ ಏಪ್ರಿಲಿನ ಡಿಕ್ಕಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಜರುಗಿರುತ್ತದೆ. ಯಾವ ಪ್ರೊಸೆಸಿಂಗೂ ಅದನ್ನು ಸರಿಪಡಿಸದು. ಸ್ಕ್ಯಾನ್ ಫೈಲಿಗೆ ಆ ಭಯವಿಲ್ಲ. ಇಂಪ್ರೆಷನ್ ಸ್ಕ್ಯಾನ್ ಮಾಡುವಾಗ ಅಂಚಿನ ಆಳ ಜಾಗಗಳು, ಒಳಗೆ ಬಾಗಿದ ಜಾಗಗಳು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಸಾಫ್ಟ್‌ವೇರ್ ಅಲ್ಲಿ ತಾನೇ ಊಹಿಸಿ ತುಂಬಿಬಿಡುತ್ತದೆ, ಪರದೆಯ ಮೇಲೆ ನುಣ್ಣಗೆ ಕಾಣುತ್ತದೆ.

ಪ್ರಿಂಟಿಂಗ್ ಅಗ್ಗವಾಗುತ್ತಿದೆ, ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. 50 ಅಥವಾ 100 ಮೈಕ್ರಾನ್ ಪದರ ಎಂದಾಕ್ಷಣ ಅಷ್ಟೇ ನಿಖರ ಎಂದುಕೊಳ್ಳಬೇಡಿ. ಪ್ರಿಂಟರಿನಿಂದ ಬಂದ ಬೇಸ್ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆಮೇಲೆ ಬೆಳಕಿನ ಪೆಟ್ಟಿಗೆಯಲ್ಲಿ ಗಟ್ಟಿಮಾಡುವಾಗ ಮತ್ತೆ ಕುಗ್ಗುತ್ತದೆ, ಬೆಳಕು ಒಂದೇ ಬದಿಗೆ ಬಿದ್ದರೆ ಬಾಗುತ್ತದೆ. ಆಸರೆಯ ಕಡ್ಡಿಗಳನ್ನು ಒಸಡಿನ ಮೇಲ್ಮೈಗೆ ಕೊಡಬಾರದು, ಬೆಳಕಿನಲ್ಲಿ ಗಟ್ಟಿಯಾಗುವವರೆಗೆ ಕಡ್ಡಿ ಮುರಿಯಬಾರದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಮುಳುಗಿಸಿಡಬಾರದು. ರೆಸಿನ್ ಕೊಳ್ಳುವಾಗ ಐಎಸ್‌ಒ 20795-1 ಪ್ರಕಾರ ಬಾಗುವ ಬಲ ಕನಿಷ್ಠ 65 ಎಂಪಿಎ ಇದೆಯೇ ಎಂದು ಡೇಟಾ ಶೀಟ್ ಕೇಳಿ. ಟ್ರಯಲ್ ಸೆಟ್ಟಿಗೆ, ಹಲ್ಲು ಕಿತ್ತ ದಿನವೇ ಹಾಕುವ ಸೆಟ್ಟಿಗೆ ಪ್ರಿಂಟಿಂಗ್ ಬಲು ಚೆನ್ನ. ಐದಾರು ವರ್ಷ ಬಾಳಬೇಕಾದ ಸೆಟ್ಟಿಗೆ ಸದ್ಯಕ್ಕೆ ನಮ್ಮ ಮತ ಅದಕ್ಕಿಲ್ಲ.

ಯಾವ ಕೇಸಿಗೆ ಯಾವುದು

ಒಸಡಿನ ದಿಣ್ಣೆ ದಪ್ಪಗಿದೆ, ಅಂಗುಳು ಮಧ್ಯಮ, ಮೊದಲ ಸಲ ಹಲ್ಲು ಕಟ್ಟಿಸುತ್ತಿದ್ದಾರೆ: ಒತ್ತಿ ತುಂಬುವ ಹೀಟ್ ಕ್ಯೂರ್, ರಾತ್ರಿಯಿಡೀ 74 ಡಿಗ್ರಿ, ರೀಮೌಂಟ್ ಕಡ್ಡಾಯ. ಇದಕ್ಕಿಂತ ಹೆಚ್ಚು ಖರ್ಚು ಮಾಡಿಸುವ ಅಗತ್ಯವಿಲ್ಲ.

ಅಂಗುಳು ಆಳವಾಗಿದ್ದು ಹಳೆಯ ಸೆಟ್ ಹಿಂಬದಿಯಿಂದ ಬಿಟ್ಟುಕೊಳ್ಳುತ್ತಿತ್ತು ಎಂದಾದರೆ ಮಿಲ್ಲಿಂಗ್ ಮೊದಲ ಆಯ್ಕೆ, ಆಮೇಲೆ ಇಂಜೆಕ್ಷನ್. ಎರಡೂ ಕೈಗೆಟುಕದಿದ್ದರೆ ಹೀಟ್ ಕ್ಯೂರ್‌ನಲ್ಲೇ ಮಾಡಿ, ಪೋಸ್ಟ್ ಡ್ಯಾಮ್ ಕೆತ್ತುವುದನ್ನು ಲ್ಯಾಬಿಗೆ ಬಿಡಬೇಡಿ. ಬಾಯಲ್ಲಿ ಬೆರಳಿಟ್ಟು ಯಾವ ಜಾಗ ಎಷ್ಟು ಮೆತ್ತಗಿದೆ ಎಂದು ನೋಡಿದವರು ಡಾಕ್ಟರೇ. ನಡುಭಾಗದಲ್ಲಿ ಅರ್ಧ ಮಿ.ಮೀ., ಮೆತ್ತಗಿರುವ ಎರಡೂ ಪಕ್ಕಗಳಲ್ಲಿ 1ರಿಂದ 1.5 ಮಿ.ಮೀ. ಮಾಡೆಲ್ ಮೇಲೆ ನೀವೇ ಕೆತ್ತಿ ಕಳಿಸಿ. ತಣಿಯುವಾಗ ಏಳುವ ಬಿರುಕನ್ನು ಒಂದು ಮಟ್ಟಿಗೆ ಇದೇ ತುಂಬುತ್ತದೆ.

ಕೆಳದವಡೆ ಸವೆದು ಚಪ್ಪಟೆಯಾಗಿದ್ದರೆ ವಿಧಾನಕ್ಕಿಂತ ಬೈಟ್ ದೊಡ್ಡದು. ಅಲ್ಲಿ ಒಂದೇ ಒಂದು ಹಲ್ಲು ಎತ್ತರವಾದರೂ ಸೆಟ್ ಕುಣಿಯುತ್ತದೆ. ಇಂಜೆಕ್ಷನ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ರೀಮೌಂಟ್ ಎರಡು ಸಲ: ಲ್ಯಾಬಿನಲ್ಲಿ ಒಮ್ಮೆ, ಬಾಯಿಗೆ ಹಾಕಿ ಹೊಸ ಬೈಟ್ ತೆಗೆದುಕೊಂಡು ಮತ್ತೊಮ್ಮೆ.

ಲ್ಯಾಬ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಯಂತ್ರದ ಬಗ್ಗೆ ಅಲ್ಲ. ಟ್ರಯಲ್ ಕ್ಲೋಷರ್ ಎಷ್ಟು ಸಲ? ಫ್ಲಾಸ್ಕ್ ತೆರೆಯುವುದು ಎಷ್ಟು ಹೊತ್ತಿನ ಮೇಲೆ? ಸೆಟ್ ಮಾಡೆಲ್ ಮೇಲೇ ಇರುವಾಗ ರೀಮೌಂಟ್ ಮಾಡುತ್ತೀರಾ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಆ ಲ್ಯಾಬಿನ ಇಂಜೆಕ್ಷನ್ ಯಂತ್ರವೂ ನಿಮ್ಮನ್ನು ಕಾಪಾಡದು.

ಲ್ಯಾಬ್ ಬಿಟ್ಟ ಮೇಲೆ

ಪಾಲಿಷ್ ಮಾಡುವಾಗ ಪ್ಯೂಮಿಸ್ ಒದ್ದೆಯಾಗಿರಲಿ, ಒಂದೇ ಜಾಗದಲ್ಲಿ ವೀಲ್ ಒತ್ತಬೇಡಿ. ಮುಗಿದ ಸೆಟ್ಟನ್ನು ಒಣ ಕವರಿನಲ್ಲಿ ಕಳಿಸಬೇಡಿ, ಎರಡು ಮೂರು ದಿನ ನೀರಿನಲ್ಲಿಟ್ಟು ನೀರಿನ ಸಮೇತವೇ ಕೊಡಿ. ಅಕ್ರಿಲಿಕ್ ನೀರು ಹೀರಿ ತೂಕ ಶೇ. 1 ಹೆಚ್ಚಿದಾಗ ಉದ್ದ ಶೇ. 0.23 ಹಿಗ್ಗುತ್ತದೆ. ತಣಿಯುವಾಗ ಕಳೆದುಕೊಂಡದ್ದರಲ್ಲಿ ಬಹಳಷ್ಟು ಹೀಗೆ ವಾಪಸ್ ಬರುತ್ತದೆ. ಹೀಟ್ ಕ್ಯೂರ್ ಬೇಸ್ ಪೂರ್ತಿ ನೀರು ಹೀರಿಕೊಳ್ಳಲು ಸುಮಾರು 17 ದಿನ ಬೇಕು. ಹಾಗಾಗಿ ಮರುದಿನವೇ "ಸ್ವಲ್ಪ ಸಡಿಲ" ಎಂದು ಬಂದವರಿಗೆ ರೀಲೈನ್ ಮಾಡಲು ಹೊರಡಬೇಡಿ. ಹುಣ್ಣಾದ ಜಾಗ ಇದ್ದರೆ ಪ್ರೆಷರ್ ಪೇಸ್ಟ್ ಹಚ್ಚಿ ಅಷ್ಟನ್ನು ಮಾತ್ರ ಉಜ್ಜಿ, ಬಿಗಿಯ ತೀರ್ಮಾನ ಎರಡು ವಾರ ಬಿಟ್ಟು.

ಮನೆಯವರಿಗೆ ಹೇಳಲೇಬೇಕಾದದ್ದು: ಬಿಸಿ ಕಾಫಿ ಕುಡಿದರೆ ಸೆಟ್ಟಿಗೆ ಏನೂ ಆಗುವುದಿಲ್ಲ, ಕುದಿನೀರಿನಲ್ಲಿ ಹಾಕಿ ತೊಳೆದರೆ ಆಗುತ್ತದೆ. ಒಳಗೆ ಸಿಕ್ಕಿಕೊಂಡಿದ್ದ ಬಿಗುವು ಬಿಸಿಗೆ ಬಿಚ್ಚಿಕೊಂಡು ಬೇಸ್ ತಿರುಚುತ್ತದೆ, ಮತ್ತೆ ಹಳೆಯ ಆಕಾರಕ್ಕೆ ತರಲು ಬರುವುದಿಲ್ಲ. ರಾತ್ರಿ ಒಣಗಲು ಬಿಟ್ಟರೂ ಕುಗ್ಗುತ್ತದೆ, ಲೋಟದ ತಣ್ಣೀರಿನಲ್ಲಿರಲಿ. ಬಿದ್ದು ಮುರಿದರೆ ರಿಪೇರಿ ಕೋಲ್ಡ್ ಕ್ಯೂರ್‌ನಲ್ಲೇ ಆಗಲಿ. "ಗಟ್ಟಿ ಬರಲಿ" ಎಂದು ಹೀಟ್ ಕ್ಯೂರ್ ಹಾಕಿ ಮತ್ತೊಮ್ಮೆ ಬೇಯಿಸಿದರೆ ಮುರಿದ ಜಾಗ ಕೂಡಿಕೊಂಡೀತು, ಸರಿಯಾಗಿ ಕೂರುತ್ತಿದ್ದ ಉಳಿದ ಬೇಸೆಲ್ಲ ಬಾಗಿರುತ್ತದೆ.